ಮಾಧ್ಯಮದಲ್ಲಿ ಹೆಣ್ಣು-ಗಂಡು: ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ, ಪೇಪರು, ಸಿನಿಮಾ, ಮೊಬೈಲಿನಲ್ಲಿ ಹೆಣ್ಣನ್ನೂ ಗಂಡನ್ನೂ ಹೇಗೆ ತೋರಿಸುತ್ತಾರೆ ಅನ್ನೋ ಮಾತು ಎತ್ತಿದರೆ ಸಾಕು, ಕಾಲೇಜಾಗಲಿ ಸ್ತ್ರೀಶಕ್ತಿ ಸಂಘದ ಸಭೆಯಾಗಲಿ, ಅವೇ ಪ್ರಶ್ನೆಗಳು ಬರುತ್ತವೆ. ಕೆಲವು ಸಿಟ್ಟಿನಿಂದ, ಕೆಲವು ನಿಜವಾದ ಕುತೂಹಲದಿಂದ. ಎಲ್ಲಕ್ಕೂ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಟಿವಿ ತುಂಬ ಹೆಂಗಸರೇ ಇದ್ದಾರಲ್ಲ, ಇನ್ನೇನು ತೊಂದರೆ?

ಇದ್ದಾರೆ, ನಿಜ. ಭಾರತದ ಟಿವಿ ಮತ್ತು ಯೂಟ್ಯೂಬಿನಲ್ಲಿ 2019ರಲ್ಲಿ ಬಂದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಯುನಿಸೆಫ್ ಮತ್ತು ಮಾಧ್ಯಮದಲ್ಲಿ ಹೆಣ್ಣು-ಗಂಡಿನ ಚಿತ್ರಣ ಅಧ್ಯಯನ ಮಾಡುವ ಗೀನಾ ಡೇವಿಸ್ ಸಂಸ್ಥೆ ಪರಿಶೀಲಿಸಿ 2021ರಲ್ಲಿ ಒಂದು ವರದಿ ಕೊಟ್ಟವು. ತೆರೆಯ ಮೇಲಿನ ಸಮಯದಲ್ಲಿ ಶೇ 59.7, ಮಾತಿನ ಸಮಯದಲ್ಲಿ ಶೇ 56.3 ಹೆಣ್ಣು ಪಾತ್ರಗಳದ್ದೇ. ಆದರೆ ಅವರು ಮಾರುತ್ತಿದ್ದದ್ದು ಹೆಚ್ಚಾಗಿ ಸೋಪು, ನೆಲ ಒರೆಸುವ ದ್ರಾವಣ, ಅಡುಗೆ ಸಾಮಾನು, ಮುಖಕ್ಕೆ ಹಚ್ಚುವ ಕ್ರೀಮು.

ಸುದ್ದಿಗೆ ಬಂದರೆ ಲೆಕ್ಕ ತಲೆಕೆಳಗು. ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್ ಅಂತ ಒಂದಿದೆ, 1995ರಿಂದ ಐದು ವರ್ಷಕ್ಕೊಮ್ಮೆ ಪ್ರಪಂಚದ ಬೇರೆ ಬೇರೆ ದೇಶಗಳಲ್ಲಿ ಒಂದೇ ದಿನದ ಸುದ್ದಿಯನ್ನು ಎಣಿಸಿ ನೋಡುತ್ತದೆ. ಸುದ್ದಿಯಲ್ಲಿ ಕಾಣಿಸಿದ, ಮಾತಾಡಿದ ಜನರಲ್ಲಿ ಹೆಂಗಸರು 1995ರಲ್ಲಿ ಶೇ 17 ಇದ್ದರು. 2020ರಲ್ಲಿ ಶೇ 25. ಕಾಲು ಶತಮಾನ ಕಳೆದರೂ ನಾಲ್ಕರಲ್ಲಿ ಒಬ್ಬರು.

ಹಾಗಾಗಿ ಎಷ್ಟು ಜನ ಹೆಂಗಸರು ಕಾಣಿಸಿದರು ಅಂತ ನಾನು ಕೇಳುವುದಿಲ್ಲ. ಏನು ಮಾಡುತ್ತಾ ಕಾಣಿಸಿದರು, ಯಾರ ಬಾಯಿಗೆ ಮೈಕ್ ಹಿಡಿದರು, ಇವೆರಡನ್ನು ಕೇಳುತ್ತೇನೆ. ಈ ಪುಟದ ಎಲ್ಲ ಉತ್ತರಗಳೂ ಇವೆರಡರ ಸುತ್ತಲೇ ಇವೆ.

ಇದೆಲ್ಲ ಮುಂಬೈ, ಬೆಂಗಳೂರಿನ ಮಾತು. ನಮ್ಮೂರಿಗೆ ಏನು ಸಂಬಂಧ?

ಬೇಲೂರಿಗೆ ಹೋಗಿ ಬನ್ನಿ. ಚೆನ್ನಕೇಶವ ದೇವಸ್ಥಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೂರಿನ ಕೆಳಗೆ ಓರೆಯಾಗಿ ನಿಂತಿರುವ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ನೋಡಿ. ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ. ಒಬ್ಬಳು ವಾದ್ಯ ಬಾರಿಸುತ್ತಿದ್ದಾಳೆ, ಒಬ್ಬಳು ಕುಣಿಯುತ್ತಿದ್ದಾಳೆ, ಒಬ್ಬಳ ಕೈಮೇಲೆ ಗಿಳಿ ಕೂತಿದೆ. ಕನ್ನಡಿ ನೋಡಿಕೊಳ್ಳುತ್ತಿರುವವಳು ಈ ಗುಂಪಿನಲ್ಲಿ ಒಬ್ಬಳು, ಅಷ್ಟೆ. ಆದರೆ ಕ್ಯಾಲೆಂಡರು, ಪ್ರವಾಸದ ಪೋಸ್ಟರು, ಹೋಟೆಲಿನ ಗೋಡೆ, ರೀಲ್ಸು ಎಲ್ಲದರಲ್ಲೂ ಮುಂದೆ ಬರುವವಳು ಆ ದರ್ಪಣ ಸುಂದರಿಯೇ. ಬಿಲ್ಲು ಹಿಡಿದವಳ ಚಿತ್ರ ಎಷ್ಟು ಮನೆಯಲ್ಲಿದೆ ಹೇಳಿ? 12ನೇ ಶತಮಾನದ ಶಿಲ್ಪಿಗಳು ಹೆಣ್ಣಿಗೆ ಇಷ್ಟೆಲ್ಲ ಕೆಲಸ ಕೊಟ್ಟರು, ನಾವು ಅದರಲ್ಲಿ ಕನ್ನಡಿಯನ್ನು ಆರಿಸಿಕೊಂಡೆವು. ಮಾಧ್ಯಮ ಮಾಡುವ ಕೆಲಸವೂ ಇದೇ. ಸುಳ್ಳು ಹೇಳಬೇಕಾಗೇ ಇಲ್ಲ, ಇರುವುದರಲ್ಲಿ ಒಂದನ್ನು ಆರಿಸಿ ಅದನ್ನೇ ಸಾವಿರ ಸಲ ತೋರಿಸಿದರೆ ಸಾಕು.

ಕಾಫಿ ತೋಟದ ಕತೆಯೂ ಅಷ್ಟೇ. ನವೆಂಬರಿನಿಂದ ಅರೇಬಿಕಾ, ಆಮೇಲೆ ರೋಬಸ್ಟಾ, ಹಣ್ಣು ಕೊಯ್ಯುವ ಕೈಗಳಲ್ಲಿ ಹೆಂಗಸರದ್ದೇ ಜಾಸ್ತಿ. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಇಬ್ಬನಿಗೆ ಒದ್ದೆಯಾದ ಗಿಡದ ಮಧ್ಯೆ, ಜಿಗಣೆ ಕಡಿಸಿಕೊಂಡು, ಸಂಜೆ ತೂಕದ ಹೊತ್ತಿಗೆ ಬಂದು ಸಾಲಲ್ಲಿ ನಿಲ್ಲುತ್ತಾರೆ. ಕಾಫಿ ಬೆಲೆ ಏರಿದರೆ ಇಳಿದರೆ ಟಿವಿಯವರು ಮೈಕ್ ಹಿಡಿಯುವುದು ಮಾತ್ರ ಬೆಳೆಗಾರರಿಗೆ, ಅದರಲ್ಲೂ ಗಂಡಸು ಬೆಳೆಗಾರರಿಗೆ. ತೋಟವನ್ನು ತಾನೇ ನಿಂತು ನಡೆಸುವ ಹೆಂಗಸರು ಮಲೆನಾಡಿನಲ್ಲಿ ಇದ್ದಾರೆ, ಅವರು ಮಹಿಳಾ ದಿನಾಚರಣೆಯ ಪುರವಣಿಯಲ್ಲಿ ಒಂದು ದಿನ ಬರುತ್ತಾರೆ. ಕೊಯ್ಯುವವಳು ಯಾವ ದಿನವೂ ಮಾತಾಡುವುದಿಲ್ಲ, ಪ್ರವಾಸಿಗಳ ಫೋಟೊದ ಹಿಂದೆ ನಿಲ್ಲುತ್ತಾಳೆ. ಜಾಹೀರಾತಿಗೆ ಬಂದರೆ ಗಂಡ ಜಗಲಿಯಲ್ಲಿ ಪೇಪರ್ ಓದುತ್ತಿರುತ್ತಾನೆ, ಹೆಂಡತಿ ಕಾಫಿ ತಂದುಕೊಡುತ್ತಾಳೆ.

ಎರಡೂ ಜಿಲ್ಲೆಗಳಲ್ಲಿ 2011ರ ಜನಗಣತಿಯ ಪ್ರಕಾರ ಹೆಂಗಸರ ಸಂಖ್ಯೆ ಗಂಡಸರಿಗಿಂತ ಸ್ವಲ್ಪ ಹೆಚ್ಚೇ ಇದೆ. ಇದು ನಮ್ಮೂರಿನ ವಿಷಯವೇ.

ಧಾರಾವಾಹಿ ಸುಮ್ನೆ ಟೈಂಪಾಸ್ ಅಲ್ವಾ? ಅದರಲ್ಲೂ ತಪ್ಪು ಹುಡುಕಬೇಕಾ?

ನೋಡೋದು ತಪ್ಪು ಅಂತ ನಾನು ಹೇಳುವುದಿಲ್ಲ. ದಿನವಿಡೀ ದುಡಿದು ಬಂದವರು ಅರ್ಧ ಗಂಟೆ ಕೂತು ನೋಡಿದರೆ ಅದನ್ನು ಪ್ರಶ್ನೆ ಮಾಡುವ ಹಕ್ಕು ಯಾರಿಗೂ ಇಲ್ಲ. ಮನೆಯಲ್ಲಿ ಗಂಡಸರು ಕ್ರಿಕೆಟ್ ನೋಡಿದರೆ ಹವ್ಯಾಸ, ಹೆಂಗಸರು ಧಾರಾವಾಹಿ ನೋಡಿದರೆ ಚಟ ಅನ್ನುವುದೂ ಇದೇ ಕಾಯಿಲೆ.

ಆದರೆ ಧಾರಾವಾಹಿ ಯಾವುದನ್ನು ಒಳ್ಳೆಯದು ಅಂತ ತೋರಿಸುತ್ತದೆ ಅನ್ನುವುದನ್ನು ಗಮನಿಸಿ. ಒಳ್ಳೆಯವಳು ರೇಷ್ಮೆ ಸೀರೆಯಲ್ಲಿ ಒಗ್ಗರಣೆ ಹಾಕುತ್ತಾಳೆ, ಎಲ್ಲವನ್ನೂ ಸಹಿಸುತ್ತಾಳೆ, ಕಪಾಳಕ್ಕೆ ಹೊಡೆದವನನ್ನೂ ಕ್ಷಮಿಸುತ್ತಾಳೆ. ಕೆಟ್ಟವಳಿಗೆ ಗಾಢ ಲಿಪ್‌ಸ್ಟಿಕ್, ಇಂಗ್ಲಿಷ್ ಮಾತು, ಸ್ವಂತ ದುಡ್ಡು. ಆಸ್ತಿಯಲ್ಲಿ ಪಾಲು ಕೇಳುವವಳು ಬಹುಪಾಲು ಕೆಟ್ಟವಳೇ. ಆದರೆ 2005ರ ತಿದ್ದುಪಡಿಯಾದ ಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಇದೆ. ಕಾನೂನು ಕೊಟ್ಟಿದ್ದನ್ನು ಕೇಳಿದವಳನ್ನು ದಿನಾ ಸಂಜೆ ಮನೆಮುರುಕಿ ಅಂತ ತೋರಿಸುತ್ತಿದ್ದರೆ, ಚನ್ನರಾಯಪಟ್ಟಣದಲ್ಲೋ ತರೀಕೆರೆಯಲ್ಲೋ ಒಬ್ಬ ಹೆಣ್ಣುಮಗಳು ಅಣ್ಣಂದಿರ ಹತ್ತಿರ ಪಾಲಿನ ಮಾತೆತ್ತಲು ಎಷ್ಟು ಹಿಂಜರಿಯಬೇಕು ಯೋಚಿಸಿ.

ಇನ್ನೊಂದು ವಿಷಯ. ನಮ್ಮ ಕಡೆ ಹೆಂಗಸರು ಬೆಳಗಾಗುವ ಮುಂಚೆ ಎದ್ದು ಹಾಲು ಕರೆದು ಡೈರಿಗೆ ಹಾಕಿ ಬರುತ್ತಾರೆ, ಆಮೇಲೆ ಗಾರ್ಮೆಂಟ್ಸ್ ಬಸ್ ಹಿಡಿಯುವವರೂ ಇದ್ದಾರೆ. ಧಾರಾವಾಹಿಯಲ್ಲಿ ಕೆಲಸಕ್ಕೆ ಹೋಗುವ ಹೆಣ್ಣು ಇದ್ದರೂ ಆ ಕೆಲಸ ಕಾಣುವುದಿಲ್ಲ, ಬ್ಯಾಗ್ ಹಾಕಿಕೊಂಡು ಬಾಗಿಲು ದಾಟುವುದಷ್ಟೇ ಕಾಣುತ್ತದೆ.

ಜನ ನೋಡ್ತಾರೆ, ಅದಕ್ಕೇ ತೋರಿಸ್ತಾರೆ. ತಪ್ಪು ಜನರದ್ದಲ್ವಾ?

ಅರ್ಧ ನಿಜ. ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಯಾರು ಏನು ನೋಡಿದರು ಅಂತ ಅಳೆಯುತ್ತದೆ, ಅದೇ ಟಿಆರ್‌ಪಿ. ನಮ್ಮ ನಿಮ್ಮ ಮನೆಯಲ್ಲಿ ಆ ಮೀಟರ್ ಇರುವುದು ಅಪರೂಪ. ಜೊತೆಗೆ, ಏಳು ಗಂಟೆಗೆ ಯಾವ ಚಾನೆಲ್ ಹಾಕಿದರೂ ಒಂದೇ ಬಗೆಯ ಕತೆ ಇದ್ದಾಗ ಜನ ಅದನ್ನೇ ಬಯಸಿದರು ಅನ್ನಲು ಬರುವುದಿಲ್ಲ.

ಫ್ರೀ ಬಸ್ಸಲ್ಲಿ ಹೆಂಗಸರು ಸೀಟಿಗೆ ಜುಟ್ಟು ಹಿಡಿದು ಜಗಳ ಆಡಿದ ವಿಡಿಯೊ ನಿಜವೇ ತಾನೆ? ತೋರಿಸಿದರೆ ಏನು ತಪ್ಪು?

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅವತ್ತಿಂದ ಈ ವಿಡಿಯೊಗಳು ನಿಂತಿಲ್ಲ. ಜಗಳ ನಡೆದಿದ್ದು ನಿಜ ಇರಬಹುದು. ಆದರೆ ಹಾಸನದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನಿಂತು ನೋಡಿ. ಅರಸೀಕೆರೆ, ಹೊಳೆನರಸೀಪುರ, ಆಲೂರು ಬಸ್ಸುಗಳಿಂದ ಇಳಿಯುವವರು ಯಾರು? ನರ್ಸ್‌ಗಳು, ಪದವಿ ಕಾಲೇಜಿನ ಹುಡುಗಿಯರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರು, ಸೊಪ್ಪಿನ ಗಂಟು ಹೊತ್ತ ಅಜ್ಜಿಯರು. ತಿಂಗಳಿಗೆ ಉಳಿದ ಬಸ್ ಚಾರ್ಜು ಅವರ ಮನೆಯಲ್ಲಿ ಯಾವುದಕ್ಕೆ ಹೋಯಿತು ಅಂತ ಯಾರಾದರೂ ಕ್ಯಾಮೆರಾ ಹಿಡಿದು ಕೇಳಿದ್ದು ಕಮ್ಮಿ. ಹತ್ತು ಸೆಕೆಂಡಿನ ಜಗಳಕ್ಕೆ ಹಿನ್ನೆಲೆ ಸಂಗೀತ ಸೇರಿಸಿ, ಮೂರು ಸಲ ನಿಧಾನಗತಿಯಲ್ಲಿ ತೋರಿಸಿ, ಹೆಂಗಸರಿಗೆ ಏನು ಕೊಟ್ಟರೂ ಹೀಗೇ ಅನ್ನುವ ತೀರ್ಪು ಕೊಟ್ಟು ಮುಗಿಸಿದರು. ಗಂಡಸರು ಬಸ್ಸಲ್ಲಿ ಕಿತ್ತಾಡಿದರೆ ಅದು ಇಬ್ಬರು ಪ್ರಯಾಣಿಕರ ಗಲಾಟೆ. ಹೆಂಗಸರು ಕಿತ್ತಾಡಿದರೆ ಅದು ಇಡೀ ಹೆಣ್ಣುಕುಲದ ಗುಣ. ತಪ್ಪು ಇಲ್ಲಿದೆ.

ಅತ್ಯಾಚಾರ, ಕಿರುಕುಳದ ಸುದ್ದಿಯನ್ನು ಬರೆಯಲೇಬಾರದಾ ಹಾಗಾದರೆ?

ಬರೆಯಲೇಬೇಕು. ಮುಚ್ಚಿಟ್ಟರೆ ಅನುಕೂಲ ಆಗುವುದು ಮಾಡಿದವನಿಗೇ. ಹೇಗೆ ಬರೆಯುತ್ತೀರಿ ಅನ್ನುವುದೇ ಮಾತು.

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳನ್ನು ಊರೂರಲ್ಲಿ ಹಂಚಿದರು. ಅದರಲ್ಲಿದ್ದ ಹೆಂಗಸರ ಮುಖ ಮಸುಕು ಮಾಡಿರಲಿಲ್ಲ. ಮೊಬೈಲಿಂದ ಮೊಬೈಲಿಗೆ ಅದು ಹೋಯಿತು. ದೌರ್ಜನ್ಯಕ್ಕೆ ಒಳಗಾದವರು ಒಮ್ಮೆ ಅನುಭವಿಸಿದ್ದನ್ನು ಅಕ್ಕಪಕ್ಕದ ಮನೆಯವರ ಕಣ್ಣಲ್ಲಿ ಮತ್ತೆ ಅನುಭವಿಸಬೇಕಾಯಿತು. ಟಿವಿ ಚರ್ಚೆಗಳಲ್ಲಿ ಯಾವ ಪಕ್ಷಕ್ಕೆ ಲಾಭ, ಯಾರಿಗೆ ನಷ್ಟ ಅನ್ನುವುದಕ್ಕೆ ಸಿಕ್ಕಷ್ಟು ಹೊತ್ತು ಆ ಹೆಂಗಸರ ರಕ್ಷಣೆಯ ಮಾತಿಗೆ ಸಿಗಲಿಲ್ಲ. ಆ ವಿಡಿಯೊ ಫಾರ್ವರ್ಡ್ ಮಾಡಿದ ಪ್ರತಿಯೊಬ್ಬರೂ ಅವತ್ತು ಮಾಧ್ಯಮವೇ ಆಗಿದ್ದರು.

ಕಾನೂನು ಸ್ಪಷ್ಟವಾಗಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಹಿಂದೆ ಇದೇ ಐಪಿಸಿಯ 228ಎ ಆಗಿತ್ತು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇದೆ. ಹೆಸರು ಬರೆಯದಿದ್ದರೂ ದೂರದಿಂದಲೂ ಗುರುತು ಸಿಗುವಂಥ ವಿವರ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಸಣ್ಣ ಊರುಗಳಲ್ಲಿ ಇದು ಇನ್ನೂ ಮುಖ್ಯ. ಹೋಬಳಿ ಹೆಸರು, ಓದುವ ತರಗತಿ, ಅಪ್ಪನ ಕೆಲಸ ಮೂರೂ ಬರೆದರೆ ಬೆಂಗಳೂರಿನವರಿಗೆ ಗೊತ್ತಾಗದಿರಬಹುದು, ಆ ಊರಿನವರಿಗೆ ಎರಡೇ ನಿಮಿಷ ಸಾಕು.

ಶೀರ್ಷಿಕೆಗಳನ್ನೂ ನೋಡಿ. ಗಂಡ ಹೆಂಡತಿಯನ್ನು ಕೊಂದರೆ 'ಶೀಲ ಶಂಕಿಸಿ ಕೊಲೆ' ಅಂತ ಬರುತ್ತದೆ. ಕೊಂದವನ ಸಬೂಬು ಶೀರ್ಷಿಕೆಯಲ್ಲೇ ಕೂತು, ಸತ್ತವಳ ನಡತೆ ಚರ್ಚೆಗೆ ಬೀಳುತ್ತದೆ. ಅವಳೋ ಉತ್ತರ ಕೊಡಲು ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹೆಣ್ಣನ್ನು ಹೊಗಳಿದರೂ ತಪ್ಪು ಅಂತೀರಲ್ಲ?

ಹೊಗಳುವ ರೀತಿ ನೋಡಿ. ಮಹಿಳಾ ಎಸ್‌ಪಿ ಬಂದರೆ 'ಲೇಡಿ ಸಿಂಗಂ'. ಮಹಿಳಾ ಜಿಲ್ಲಾಧಿಕಾರಿ ಬಂದರೆ ಉಟ್ಟ ಸೀರೆ, ಮಗು ಎತ್ತಿಕೊಂಡ ಫೋಟೊ. ಅವರು ಸಹಿ ಹಾಕಿದ ಆದೇಶದ ಸುದ್ದಿ ಒಳಪುಟದಲ್ಲಿ. 1978ರಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆ ಗೆದ್ದರು, ದೇಶದ ಪೇಪರುಗಳೆಲ್ಲ ಚಿಕ್ಕಮಗಳೂರಿನ ಹೆಸರು ಕಲಿತವು. ಅವರ ಬಗ್ಗೆ ಆ ಕಾಲದಲ್ಲಿ ಓಡಾಡುತ್ತಿದ್ದ ಹೊಗಳಿಕೆ ಏನು ಗೊತ್ತಾ? ಅವರ ಸಂಪುಟದಲ್ಲಿ ಇರುವ ಒಬ್ಬರೇ ಗಂಡಸು ಅಂದರೆ ಅವರು ಅಂತ. ಧೈರ್ಯ ಗಂಡಸರ ಆಸ್ತಿ, ಇವರು ಅದನ್ನು ಸಾಲ ಪಡೆದಿದ್ದಾರೆ ಅನ್ನುವ ಹಾಗೆ. ಅವರ ರಾಜಕೀಯ ಒಪ್ಪಿ, ಬಿಡಿ, ಅದು ಬೇರೆ. ಧೈರ್ಯ ಅವರದ್ದೇ ಆಗಿತ್ತು.

ಆಟದಲ್ಲೂ ಇದೇ. ಹಾಸನ ಜಿಲ್ಲೆಯ ಜಾವಗಲ್ ಅಂದರೆ ಶ್ರೀನಾಥ್ ಅಂತ ಚಿಕ್ಕ ಮಕ್ಕಳೂ ಹೇಳುತ್ತಾರೆ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದು ತಂಡವನ್ನು ಸೆಮಿಫೈನಲಿಗೆ ತಲುಪಿಸಿದ್ದು, ಆಮೇಲೆ ಲಾರ್ಡ್ಸ್‌ನಲ್ಲಿ ಫೈನಲ್ ಆಡಿದ್ದು ಎಷ್ಟು ಜನಕ್ಕೆ ನೆನಪಿದೆ? ಅದೇ ವಿಶ್ವಕಪ್‌ನ ಮುಂಚೆ ಮಿಥಾಲಿ ರಾಜ್ ಅವರನ್ನು ಒಬ್ಬ ವರದಿಗಾರ, ನಿಮ್ಮ ಮೆಚ್ಚಿನ ಪುರುಷ ಆಟಗಾರ ಯಾರು ಅಂತ ಕೇಳಿದ. ಗಂಡಸು ಆಟಗಾರರಿಗೆ ನಿಮ್ಮ ಮೆಚ್ಚಿನ ಆಟಗಾರ್ತಿ ಯಾರು ಅಂತ ಕೇಳ್ತೀರಾ ಅಂತ ಅವರು ತಿರುಗಿ ಕೇಳಿದರು. 2025ರ ನವೆಂಬರಿನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದ ಮೇಲೆ ಇಂಥ ಪ್ರಶ್ನೆ ಕೇಳುವವರು ಕಮ್ಮಿಯಾದರೆ ಸಂತೋಷ.

ಗಂಡಸರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮಾತಾಡಲೇಬೇಕು. ಈ ಅಚ್ಚು ಗಂಡಸರನ್ನೂ ಹಿಂಡುತ್ತದೆ. ಗಂಡಸು ಅಂದರೆ ದುಡಿಯಬೇಕು, ಅಳಬಾರದು, ಹೊಡೆಯಬೇಕು. ಅಡುಗೆಮನೆಗೆ ಹೋದರೆ ನಗೆಪಾಟಲು. ನಮ್ಮ ಮದುವೆ ಮನೆಗಳಲ್ಲಿ ಸಾವಿರ ಜನಕ್ಕೆ ಅಡುಗೆ ಮಾಡುವ ಭಟ್ಟರು ಗಂಡಸರೇ ಅಲ್ವಾ? ಅವರ ಕೈರುಚಿಯನ್ನು ಊರೇ ಹೊಗಳುತ್ತದೆ. ಮಸಾಲೆಪುಡಿ ಜಾಹೀರಾತಿಗೆ ಬಂದ ತಕ್ಷಣ ಸೌಟು ಹೆಂಡತಿ ಕೈಗೆ ಹೋಗುತ್ತದೆ. ಸಂಬಳ ಬಂದರೆ ಗಂಡಸಿನ ಅಡುಗೆ, ಬರದಿದ್ದರೆ ಹೆಂಗಸಿನ ಅಡುಗೆ.

ಸಿನಿಮಾದ ನಾಯಕ ಇನ್ನೂ ಅಪಾಯಕಾರಿ. ಹುಡುಗಿ ಬೇಡ ಅಂದರೂ ಬಸ್ ಸ್ಟಾಪಿಗೆ ಬರುತ್ತಾನೆ, ಮನೆ ಮುಂದೆ ನಿಲ್ಲುತ್ತಾನೆ, ಕೊನೆಗೆ ಅವಳು ಒಪ್ಪುತ್ತಾಳೆ, ಹಾಡು ಬರುತ್ತದೆ. ಬೇಡ ಅಂದಮೇಲೂ ಪದೇ ಪದೇ ಹಿಂಬಾಲಿಸುವುದು 2013ರಿಂದ ಅಪರಾಧ, ಈಗ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಹದಿನೆಂಟು ವರ್ಷದ ಹುಡುಗನಿಗೆ ಪ್ರೀತಿ ಅಂದರೆ ಇದೇ ಅಂತ ತೆರೆ ಕಲಿಸುತ್ತದೆ, ಪೊಲೀಸ್ ಠಾಣೆ ಇನ್ನೊಂದು ಕಲಿಸುತ್ತದೆ. ಆ ಹುಡುಗನಿಗೂ ಇದು ಮೋಸವೇ.

ಬಿಳಿ ಮೈಬಣ್ಣದ ಜಾಹೀರಾತು ಈಗ ನಿಂತಿದೆಯಲ್ಲ?

ಹೆಸರು ಬದಲಾಗಿದೆ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಕಪ್ಪಗಿರುವುದು ಸೋಲಿಗೆ ಕಾರಣ ಅಂತ ತೋರಿಸಬಾರದು ಅಂತ ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲೇ ಹೇಳಿತ್ತು. ಆದರೂ ಮೊದಲು ಹೇಳಿದ ಯುನಿಸೆಫ್ ವರದಿಯಲ್ಲಿ ಶೇ 66.9 ಹೆಣ್ಣು ಪಾತ್ರಗಳು ತಿಳಿಬಣ್ಣದವು, ಗಂಡು ಪಾತ್ರಗಳಲ್ಲಿ ಶೇ 52.1. ನಮ್ಮೂರ ಜವಳಿ ಅಂಗಡಿಯ ಫ್ಲೆಕ್ಸ್ ನೋಡಿದರೂ ನಮ್ಮ ಮೈಬಣ್ಣದವರು ಸಿಗುವುದಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರನ್ನು ಹೇಗೆ ತೋರಿಸುತ್ತಿದ್ದಾರೆ?

ಬಹಳ ಕಾಲ ಒಂದೋ ನಗಿಸುವ ಪಾತ್ರ, ಇಲ್ಲವೇ ಹೆದರಿಸುವ ಪಾತ್ರ. ಕಡೂರು ತಾಲ್ಲೂಕಿನವರಾದ ಸಂಚಾರಿ ವಿಜಯ್ ಅಂಥ ಒಬ್ಬರ ಬದುಕನ್ನು ಗೌರವದಿಂದ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದದ್ದು ಕನ್ನಡದಲ್ಲಿ ದೊಡ್ಡ ತಿರುವು. ಜೋಗತಿ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀಯನ್ನೂ ಪಡೆದರು. ಹಾಗಿದ್ದೂ ಸುದ್ದಿಯಲ್ಲಿ ಇವರು ಬರುವುದು ಟೋಲ್ ಗೇಟು, ಸಿಗ್ನಲ್ಲು, ಗಲಾಟೆ ಇಷ್ಟರಲ್ಲೇ. ಮನೆ ಬಾಡಿಗೆ ಸಿಗದ ಕತೆ, ರೇಷನ್ ಕಾರ್ಡಿಗೆ ಅಲೆದ ಕತೆ ಬರುವುದಿಲ್ಲ. ಅವರವರ ಪಾತ್ರವನ್ನು ಅವರವರೇ ನಟಿಸುವ ಕಾಲ ಬೇಗ ಬರಲಿ ಅಂತ ನನ್ನ ಆಸೆ.

ನಾನು ತಾಲ್ಲೂಕು ವರದಿಗಾರ. ನನ್ನ ಕೈಲಿ ಏನಾಗುತ್ತೆ?

ಬಹಳ ಆಗುತ್ತದೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೆ ಗುದ್ದಲಿ ಪೂಜೆಯ ಫೋಟೊ ನೆನಪಿಸಿಕೊಳ್ಳಿ. ಗುದ್ದಲಿ ಹಿಡಿದವರು ಶಾಸಕರು, ಪಕ್ಕದಲ್ಲಿ ಮುಖಂಡರು, ಅಧ್ಯಕ್ಷೆ ಅಂಚಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿರುತ್ತಾರೆ. ರಸ್ತೆ ಕೆಲಸದ ಬಗ್ಗೆ ಹೇಳಿಕೆ ಕೊಡುವವರು ಅಧ್ಯಕ್ಷೆಯ ಗಂಡ. ನೀವು ಒಂದು ಪಣ ತೊಡಿ: ಹೇಳಿಕೆ ಅಧ್ಯಕ್ಷೆಯದ್ದೇ ಬೇಕು. ಗಂಡ ಫೋನ್ ಎತ್ತಿದರೆ 'ಅಣ್ಣ, ಮೇಡಂಗೆ ಕೊಡಿ' ಅನ್ನಿ. ಮೊದಲ ಸಲ ಅವರು ತಡವರಿಸಬಹುದು, ನಾಲ್ಕನೇ ಸಲ ಅವರೇ ಫೋನ್ ಮಾಡಿ ನೀರಿನ ಸಮಸ್ಯೆ ಹೇಳುತ್ತಾರೆ. ಕಾಡಾನೆ ಹಾವಳಿ ಬರೆಯುವಾಗ ತೋಟದ ಕೆಲಸಕ್ಕೆ ನಡೆದು ಹೋಗುವ ಹೆಂಗಸರನ್ನೂ ಮಾತಾಡಿಸಿ. ಬೆಳಗಿನ ಜಾವ ಆ ದಾರಿಯಲ್ಲಿ ಜೀವ ಕೈಲಿ ಹಿಡಿದು ನಡೆಯುವವರು ಅವರು.

ಕೆಟ್ಟ ಕಾರ್ಯಕ್ರಮ, ಜಾಹೀರಾತು ಕಂಡರೆ ದೂರು ಎಲ್ಲಿ ಕೊಡೋದು?

ಜಾಹೀರಾತಾದರೆ ಜಾಹೀರಾತು ಗುಣಮಟ್ಟ ಮಂಡಳಿಗೆ, ಅಂದರೆ ಆಸ್ಕಿಗೆ. ಆನ್‌ಲೈನಿನಲ್ಲೇ ಕೊಡಬಹುದು. 2022ರ ಜೂನ್‌ನಲ್ಲಿ ಅವರು ತಂದ ಮಾರ್ಗಸೂಚಿ ಚೆನ್ನಾಗಿದೆ. ಹೆಂಗಸು ಮನೆಗೆಲಸ ಮಾಡುವುದನ್ನು ತೋರಿಸಬಹುದು, ಆದರೆ ಉಳಿದವರೆಲ್ಲ ಆರಾಮಾಗಿ ಕೂತಿದ್ದಾಗ ಅದು ಅವಳೊಬ್ಬಳದ್ದೇ ಕರ್ತವ್ಯ ಅನ್ನುವಂತೆ ತೋರಿಸಬಾರದು. ಟಿವಿ ಆದರೆ ಮೊದಲು ಆ ಚಾನೆಲಿಗೆ ಬರೆಯಿರಿ, 15 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಚಾನೆಲುಗಳ ಒಕ್ಕೂಟಗಳೇ ಮಾಡಿಕೊಂಡಿರುವ ದೂರು ಸಮಿತಿಗಳಿವೆ, ಮನರಂಜನಾ ಚಾನೆಲುಗಳಿಗೆ ಬಿಸಿಸಿಸಿ, ಸುದ್ದಿ ಚಾನೆಲುಗಳಿಗೆ ಎನ್‌ಬಿಡಿಎಸ್‌ಎ. ಪೇಪರ್ ಆದರೆ ಮೊದಲು ಸಂಪಾದಕರಿಗೆ ಪತ್ರ, ಆಮೇಲೆ ಭಾರತೀಯ ಪತ್ರಿಕಾ ಮಂಡಳಿ. ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳ ಒಳಗೆ ದೂರು ಹೋಗಬೇಕು. ಮಂಡಳಿ ದಂಡ ಹಾಕುವುದಿಲ್ಲ, ಛೀಮಾರಿ ಹಾಕುತ್ತದೆ. ಸ್ಥಳೀಯ ಕೇಬಲ್ ಚಾನೆಲ್ ಆದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೇಬಲ್ ಟಿವಿ ಮೇಲ್ವಿಚಾರಣಾ ಸಮಿತಿಗೆ ಅರ್ಜಿ ಕೊಡಿ. ದಿನಾಂಕ, ಹೊತ್ತು, ಚಾನೆಲ್ ಹೆಸರು ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರೆ ಇನ್ನೂ ಒಳ್ಳೆಯದು.

ನನ್ನ ಫೋಟೊ ತಿರುಚಿ ಹಾಕಿದ್ದಾರೆ. ಏನು ಮಾಡಲಿ?

ಮೊದಲು ಹೆದರಬೇಡಿ, ಇದರಲ್ಲಿ ನಿಮ್ಮ ತಪ್ಪಿಲ್ಲ. ಸ್ಕ್ರೀನ್‌ಶಾಟ್ ಮತ್ತು ಲಿಂಕ್ ಉಳಿಸಿಕೊಳ್ಳಿ. ಆ ಆ್ಯಪ್‌ನಲ್ಲೇ ದೂರು ಕೊಡಿ. ಇಂಥ ಚಿತ್ರ ತೆಗೆಯಲು 2021ರ ಐಟಿ ನಿಯಮ 24 ಗಂಟೆಯ ಗಡುವು ಇಟ್ಟಿತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ, ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ದುಡ್ಡು ಕೇಳಿದರೆ ಕೊಡಲೇಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ.

ಮಗಳು ಪತ್ರಿಕೋದ್ಯಮ ಓದ್ತೀನಿ ಅಂತಾಳೆ. ಹೆಣ್ಣುಮಕ್ಕಳಿಗೆ ಆಗುತ್ತಾ?

ಕಳಿಸಿ. ಹಾಸನದ ಬಾನು ಮುಷ್ತಾಕ್ ಅವರು ವಕೀಲೆ, ಲಂಕೇಶ್ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಅವರಿಗೆ ಬಂದಿದ್ದನ್ನು ಎಲ್ಲರೂ ಹೇಳುತ್ತಾರೆ, ವರದಿಗಾರ್ತಿಯಾಗಿದ್ದನ್ನು ಹೇಳುವವರು ಕಮ್ಮಿ. ಜಿಲ್ಲಾ ಕೇಂದ್ರದ ಪತ್ರಿಕಾಗೋಷ್ಠಿಯಲ್ಲಿ ಇವತ್ತಿಗೂ ಮಹಿಳಾ ವರದಿಗಾರರು ಬೆರಳೆಣಿಕೆಯಷ್ಟೇ. ಆ ಕುರ್ಚಿಗಳು ತುಂಬಿದರೆ ಮೇಲೆ ಬರೆದದ್ದರಲ್ಲಿ ಎಷ್ಟೋ ತಾನಾಗೇ ಬದಲಾಗುತ್ತದೆ.

ಕೆಲಸಕ್ಕೆ ಸೇರುವ ಮುಂಚೆ ಮಾತ್ರ ಕೆಲವು ಕೇಳಿಸಿಕೊಂಡೇ ಸೇರಲಿ. ನೇಮಕಾತಿ ಪತ್ರ ಕೊಡುತ್ತಾರಾ? ರಾತ್ರಿ ಪಾಳಿ ಇದ್ದರೆ ಮನೆಗೆ ಬಿಡುವ ವ್ಯವಸ್ಥೆ ಇದೆಯಾ? ಅಪರಾಧ, ರಾಜಕೀಯದ ವರದಿಗೆ ಹೆಣ್ಣುಮಕ್ಕಳನ್ನು ಕಳಿಸುತ್ತಾರಾ, ಇಲ್ಲ ಹಬ್ಬ-ಅಡುಗೆ-ಸೌಂದರ್ಯದ ಪುಟಕ್ಕೇ ಕೂರಿಸುತ್ತಾರಾ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮೊದಲ ದಿನವೇ ಕೇಳಲಿ. ಅದಕ್ಕಿಂತ ಚಿಕ್ಕ ಕಚೇರಿಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.